ತವರಿನ ಮಂಡಿ, ತ್ರಯೋದಶಿಯ ಕಡಲು

ನಮ್ಮ ಯಜಮಾನರಿಗೆ ಸಮುದ್ರರಾಜನ ಮೇಲೆ ಎಷ್ಟು ಗೌರವವೆಂದರೆ, ಎಪ್ಪತ್ತಾರು ವರ್ಷ ತುಂಬಿದರೂ ಅವನನ್ನು ಒಮ್ಮೆಯೂ ಮುಟ್ಟಿ ಮಾತನಾಡಿಸಿರಲಿಲ್ಲ. ಮನಸ್ಸಿಲ್ಲದೆ ಅಲ್ಲ. ದಿನ ಕೂಡಿಬಂದಿರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಮುದ್ರವನ್ನು ಯಾವ ದಿನ ಬೇಕಾದರೂ ನೋಡಬಹುದು, ಕೈಮುಗಿಯಬಹುದು. ಆದರೆ ಮೈಗೆ ಸೋಕಿಸಿಕೊಳ್ಳುವುದು ಪರ್ವದಿನಗಳಲ್ಲಿ ಮಾತ್ರ ಎಂಬುದು ನಮ್ಮ ಹಿರಿಯರು ನಡೆಸಿಕೊಂಡು ಬಂದ ನಿಯಮ. ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆ, ಸಂಕ್ರಮಣ, ಇಷ್ಟೇ ಪರ್ವಗಳು. ಮಿಕ್ಕ ದಿನ ಅವನು ಅಲ್ಲಿ, ನಾವು ಇಲ್ಲಿ. ಎಷ್ಟೋ ಮನೆಗಳಲ್ಲಿ ಇದು ಮರೆತುಹೋಗಿದೆ. ಜಯನಗರದ ನಮ್ಮ ಮನೆಯಲ್ಲಿ ಮರೆಯುವ ಹಾಗಿಲ್ಲ. ಯಜಮಾನರು ನ್ಯಾಯಾಲಯದ ಕಚೇರಿಯಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದವರು. ನಿಯಮವನ್ನು ಪಾಲಿಸುವ ಅಧಿಕಾರ ತಮಗಿದೆ, ಸಡಿಲಿಸುವ ಅಧಿಕಾರ ಮೇಲಿನವರದು ಎಂಬುದು ಅವರ ದೃಢವಾದ ನಂಬಿಕೆ.

ಹೀಗಾಗಿ ನಮ್ಮ ಸಮುದ್ರಯೋಗ ಹೇಗಿತ್ತೆಂದು ನೀವೇ ನೋಡಿ. ಉಡುಪಿಗೆ ಹೋದಾಗ ಸಪ್ತಮಿ. ಪುರಿಗೆ ಹೋದಾಗ ದ್ವಾದಶಿ. ಕನ್ಯಾಕುಮಾರಿಯನ್ನು ಹುಣ್ಣಿಮೆಯ ದಿನವೇ ತಲುಪಿದೆವು. ಅಂದು ನನಗೆ ಮೈ ಸುಡುವ ಜ್ವರ. ಹೆಂಡತಿಯನ್ನು ಬಿಟ್ಟು ಒಬ್ಬರೇ ಮುಳುಗುವುದು ಕ್ರಮವಲ್ಲವೆಂದು ಅವರೂ ಕೋಣೆಯಲ್ಲೇ ಕುಳಿತು ನನ್ನ ಹಣೆಗೆ ಒದ್ದೆ ಬಟ್ಟೆ ಹಾಕಿದರು. ನನ್ನ ತಂದೆಯವರು ಬಾಲ್ಯದಲ್ಲಿ ಸಮುದ್ರಕ್ಕೆ ಹತ್ತಾರು ಹೆಸರುಗಳನ್ನು ಬಾಯಿಪಾಠ ಮಾಡಿಸಿದ್ದರು. ಅಬ್ಧಿ, ಪಾರಾವಾರ, ರತ್ನಾಕರ, ಎಲ್ಲ ಇಂದಿಗೂ ನಾಲಗೆಯ ಮೇಲಿವೆ. ಹೆಸರು ಅಷ್ಟೊಂದು ಗೊತ್ತಿದ್ದೂ ಪರಿಚಯ ಮಾತ್ರ ಇರಲಿಲ್ಲ.

ಕಳೆದ ಚಳಿಗಾಲದಲ್ಲಿ ಈ ವಿಷಯಕ್ಕೆ ಅವಸರ ಬಂದಿತು. ಬನ್ನೇರುಘಟ್ಟ ರಸ್ತೆಯ ಮೂಳೆ ವೈದ್ಯರು ನನ್ನ ಎರಡು ಮಂಡಿಗಳ ಚಿತ್ರವನ್ನು ಬೆಳಕಿಗೆ ಹಿಡಿದು, "ಅಮ್ಮಾ, ಇವು ಮುಗಿದಿವೆ. ಹೊಸದು ಹಾಕ್ಬಿಡೋಣ," ಎಂದರು. ಮಾಘಮಾಸದಲ್ಲಿ ಶಸ್ತ್ರಚಿಕಿತ್ಸೆ ಎಂದು ನಿಶ್ಚಯವಾಯಿತು. ಮನೆಗೆ ಬಂದವಳೇ ನಾನು ಹೇಳಿದೆ:

"ರೀ, ಇವು ನಾನು ತವರಿಂದ ತಂದ ಮಂಡಿಗಳು. ತೆಗೆಯೋಕೆ ಮುಂಚೆ ಒಂದು ಸಲ ಸಮುದ್ರದಲ್ಲಿ ನಿಲ್ಲಬೇಕು."

"ಹೊಸ ಮಂಡಿ ಬಂದ ಮೇಲೆ ನಿಂತ್ಕೊಂಡ್ರಾಯ್ತು. ಸಮುದ್ರ ಎಲ್ಲಿಗೆ ಹೋಗುತ್ತೆ?"

"ಸಮುದ್ರ ಹೋಗಲ್ಲ. ಮಂಡಿ ಹೋಗುತ್ತಲ್ಲ."

ಅವರು ಪಂಚಾಂಗ ತೆರೆದರು.

ಅಷ್ಟರಲ್ಲಿ ಕೋಣನಕುಂಟೆಯಲ್ಲಿರುವ ಮಗಳು ಮತ್ತು ಅಳಿಯ ನಮ್ಮನ್ನು ಮೂರು ದಿನದ ಹಡಗಿನ ಯಾತ್ರೆಗೆ ಹೊರಡಿಸಿದರು. ಮುಂಬಯಿಯಿಂದ ಹೊರಟು ಗೋವೆಯತ್ತ ಹೋಗಿ ಮರಳುವ ಹಡಗು. ಮೊಮ್ಮಗಳೂ ಸೇರಿ ನಾವು ಐವರು. ಹಡಗಿನಲ್ಲಿ ಸ್ನಾನಕ್ಕೆ ಕೊಡುವುದು ಸಮುದ್ರದ ನೀರನ್ನೇ ಉಪ್ಪು ತೆಗೆದು ಮಾಡಿದ್ದು ಎಂದು ಯಜಮಾನರು ಎಲ್ಲೋ ಓದಿಬಿಟ್ಟರು. ಉಪ್ಪು ಹೋದ ಮಾತ್ರಕ್ಕೆ ಅವನು ಸಮುದ್ರರಾಜನಲ್ಲದೆ ಹೋಗುತ್ತಾನೆಯೇ? ಆದ್ದರಿಂದ ನಮ್ಮ ಮನೆಯ ನಲ್ಲಿಯಿಂದ ಹತ್ತು ಲೀಟರ್ ಕಾವೇರಿಯನ್ನು ಡಬ್ಬದಲ್ಲಿ ತುಂಬಿ ಮುಂಬಯಿಯವರೆಗೂ ಹೊತ್ತು ತಂದರು. ಬಂದರಿನಲ್ಲಿ ಕಾವಲಿನವನು ನೀರು ಒಯ್ಯುವಂತಿಲ್ಲವೆಂದು ತಡೆದ.

"ಇದು ನೀರಲ್ಲಪ್ಪ, ಕಾವೇರಿ," ಎಂದು ಇವರು ಅಚ್ಚ ಕನ್ನಡದಲ್ಲಿ ತಿಳಿಹೇಳಿದರು.

ಅಳಿಯ ಅದನ್ನು ಹಿಂದಿಗೆ ಅನುವಾದಿಸಿ, ಮಾವನವರ ಔಷಧಿ ಎಂದ. ಡಬ್ಬ ಒಳಗೆ ಹೋಯಿತು. "ಅಜ್ಜಿ, ಅಪ್ಪ ಸುಳ್ಳು ಹೇಳಿದ್ರು," ಎಂದು ಮೊಮ್ಮಗಳು ನನ್ನ ಸೆರಗು ಎಳೆದಳು. "ಸುಳ್ಳೇನಲ್ಲ ಪುಟ್ಟಿ, ಅದು ಔಷಧೀನೇ," ಎಂದರು ತಾತ, ಅತ್ಯಂತ ಗಂಭೀರವಾಗಿ.

ಮೂರು ದಿನ ತಲೆಗೊಂದು ಚೊಂಬಿನಂತೆ ಕಾವೇರಿ ಸ್ನಾನ ನಡೆಯಿತು. ಧನುರ್ಮಾಸವಾದ್ದರಿಂದ ಮುಂಜಾನೆ ಐದಕ್ಕೆ ಊಟದ ಮನೆಗೆ ಹೋಗಿ ಹುಗ್ಗಿ ಇದೆಯೇ ಎಂದು ವಿಚಾರಿಸಿದ್ದೂ ಆಯಿತು; ಆ ಅಡುಗೆಯವನು ಪಾಪ, ಪಟ್ಟಿಯನ್ನು ಎರಡು ಬಾರಿ ಓದಿದ. ಎರಡನೆಯ ದಿನ ಮಧ್ಯಾಹ್ನ ಅಳಿಯ ಮೆಲ್ಲನೆ ಕೇಳಿದ:

"ಮಾವ, ನಿನ್ನೆಯಿಂದ ಎಂಟು ಕಾಫಿ ಕುಡಿದ್ರಲ್ಲ, ಅದು ಯಾವ ನೀರು?"

ಯಜಮಾನರು ಲೋಟವನ್ನು ಕೆಳಗಿಟ್ಟರು. ದಿಗಂತವನ್ನು ಬಹಳ ಹೊತ್ತು ನೋಡಿದರು. ಮತ್ತೆ ಲೋಟ ಎತ್ತಿಕೊಂಡು, "ಕಾಯಿಸಿದ್ದಕ್ಕೆ ದೋಷವಿಲ್ಲ," ಎಂದರು.

ನಾನು ಹನ್ನೊಂದನೆಯ ಅಂತಸ್ತಿನ ಮೊಗಸಾಲೆಯಲ್ಲಿ ಕುಳಿತು ನೋಡುತ್ತಿದ್ದೆ. ಎಲ್ಲಿ ನೋಡಿದರೂ ನೀಲಿ. ಹಡಗು ಚಲಿಸುತ್ತಿದೆಯೋ, ನೀಲಿಯೇ ಹಿಂದಕ್ಕೆ ಸರಿಯುತ್ತಿದೆಯೋ ತಿಳಿಯದು. ಸಂಜೆಯಾದಂತೆ ಆ ನೀಲಿ ಕರಗಿ ಹಾಲಿನ ಮೇಲಿನ ಕೆನೆಯ ಬಣ್ಣಕ್ಕೆ ತಿರುಗುತ್ತಿತ್ತು. ಜಪದ ಸರ ಕೈಯಲ್ಲೇ ನಿಂತುಹೋಗುತ್ತಿತ್ತು. ಆದರೂ ಅದು ಎತ್ತರದ ಮನೆಯಿಂದ ಬೀದಿಯನ್ನು ನೋಡಿದಂತೆಯೇ. ಮೂರು ದಿನ ಸಮುದ್ರದ ಮೇಲಿದ್ದೆವು, ನನ್ನ ಮಂಡಿಗಳಿಗೆ ಒಂದು ಹನಿ ತಾಗಲಿಲ್ಲ. ಇಳಿಯುವ ದಿನ ನನ್ನ ಮುಖ ನೋಡಿ ಯಜಮಾನರೇ ಹೇಳಿದರು: "ಸಂಕ್ರಾಂತಿ ಕಳೀಲಿ. ದಡಕ್ಕೇ ಕರ್ಕೊಂಡು ಹೋಗ್ತೀನಿ."

ಎಳ್ಳು ಬೀರಿ ಮುಗಿದ ಮೇಲೆ ಮಗಳು ಕುಂದಾಪುರದ ಆಚೆ, ಕಡಲಿಗೆ ತಾಗಿಕೊಂಡಂತಿದ್ದ ಒಂದು ಮನೆಯಲ್ಲಿ ನಮಗೆ ನಾಲ್ಕು ದಿನದ ವಾಸ ಗೊತ್ತು ಮಾಡಿದಳು. ಮಗಳು ತಿಥಿ ನೋಡಿಯೇ ಗೊತ್ತು ಮಾಡಿರುತ್ತಾಳೆಂದು ನಂಬಿದ್ದ ಯಜಮಾನರು ಹೋಗಿ ಇಳಿದ ಮೇಲೆ ಪಂಚಾಂಗ ಬಿಡಿಸಿದರು. ಬಹುಳ ದಶಮಿ. ಹೊರಡುವುದು ತ್ರಯೋದಶಿ. ಅಷ್ಟಮಿ ಆಗತಾನೆ ಹಿಂದೆ ಹೋಗಿದೆ, ಚತುರ್ದಶಿ ನಾವು ಹೊರಟ ಮಾರನೆಯ ದಿನ. ಹದಿನೈದು ದಿನದ ಪಕ್ಷದಲ್ಲಿ ಸಮುದ್ರ ಮುಟ್ಟಲಾಗದ ನಾಲ್ಕು ದಿನಗಳನ್ನು ಹುಡುಕಿ ಆರಿಸಿದಂತಿತ್ತು!

ಮಗಳಿಗೆ ಫೋನು ಹೋಯಿತು. "ಅಪ್ಪಾ, ಬುಕ್ ಮಾಡೋವಾಗ ಆ್ಯಪ್‌ನಲ್ಲಿ ತಿಥಿ ಕೇಳಲ್ಲ," ಎಂದಳು ಅವಳು. ಒಂದು ದಿನ ಹೆಚ್ಚು ಉಳಿಯೋಣವೆಂದರೆ, ತ್ರಯೋದಶಿ ಮಧ್ಯಾಹ್ನಕ್ಕೆ ಆ ಮನೆಗೆ ಮದುವೆಯ ಬಳಗ ಬರುವುದಿತ್ತು. ಚತುರ್ದಶಿ ಬೆಳಿಗ್ಗೆ ನನಗೆ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ. ದಾರಿ ಇರಲಿಲ್ಲ.

ದಿನವೂ ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಮರಳಿನ ಮೇಲೆ ಹಾಕಿಸಿ ಯಜಮಾನರು ಮುಂದೆ ಕೋಲಿನಿಂದ ಒಂದು ಗೆರೆ ಎಳೆಯುತ್ತಿದ್ದರು. ಗೆರೆ ಇದ್ದದ್ದು ನನಗೆ. ಸಮುದ್ರ ಅದನ್ನು ಓದಲಿಲ್ಲ. ಉಬ್ಬರ ಏರಿದ ಹಾಗೆಲ್ಲ ಅವರು, "ಏಳು ಏಳು, ಬಂದ," ಎನ್ನುತ್ತ ಕುರ್ಚಿಗಳನ್ನು ಹಿಂದಕ್ಕೆ ಎಳೆಯುವರು. ಸಂಜೆಯ ಹೊತ್ತಿಗೆ ನಾವು ತೆಂಗಿನ ಮರಕ್ಕೆ ಒರಗಿರುತ್ತಿದ್ದೆವು. ಒಮ್ಮೆ ಗಾಳಿಗೆ ಹಾರಿಬಂದ ನೊರೆಯ ಚೂರೊಂದು ನನ್ನ ಸೆರಗಿನ ಮೇಲೆ ಕುಳಿತಿತು. ನಾನು ಉಸಿರು ಬಿಗಿಹಿಡಿದು ನೋಡಿದೆ. ಯಜಮಾನರೂ ನೋಡಿದರು. ಅವರು ತೀರ್ಪು ಕೊಡುವ ಮೊದಲೇ ಅದು ಆರಿಹೋಯಿತು.

ಮನೆಯೊಡತಿ ಚಹಾ ತಂದಾಗ ಈ ಕುರ್ಚಿಯಾಟವನ್ನು ಎರಡು ದಿನ ಸುಮ್ಮನೆ ನೋಡಿದಳು. ಮೂರನೆಯ ದಿನ ಕೇಳಿದಳು: "ಅಮ್ಮನನ್ನು ನೀರಿಗೆ ಇಳಿಸ್ಲಿಕ್ಕೆ ಎಂತ ತೊಂದ್ರೆ ಮಾರಾಯ್ರೆ?"

ಯಜಮಾನರು ಪರ್ವಗಳ ವಿಚಾರವನ್ನು ಸಾವಧಾನವಾಗಿ ತಿಳಿಸಿದರು.

"ನಮ್ಮ ಮನೆಯವರು ದಿನಾ ದೋಣಿಯಲ್ಲಿ ಅದರ ಮೇಲೇ ಇರುದಲ್ವಾ?"

"ವೃತ್ತಿ ಮಾಡೋರಿಗೆ ದೋಷವಿಲ್ಲಮ್ಮ."

"ಹಾಗಾದ್ರೆ ಅಮ್ಮನನ್ನು ಒಂದು ದಿನ ಮೀನು ಹಿಡೀಲಿಕ್ಕೆ ಕಳಿಸಿ."

ಹುಟ್ಟಿನಿಂದ ಶಾಕಾಹಾರಿಯಾದ ನಾನು ಆ ಕ್ಷಣ ಆ ಸಲಹೆಯನ್ನು ಎಷ್ಟು ಪ್ರಾಮಾಣಿಕವಾಗಿ ಪರಿಶೀಲಿಸಿದೆನೆಂದು ಭಗವಂತನಿಗೆ ಮಾತ್ರ ಗೊತ್ತು.

ಅಂದು ಮಧ್ಯಾಹ್ನ ನಾನು ಮಲಗಿದ್ದೇನೆಂದುಕೊಂಡು ಯಜಮಾನರು ಹಿತ್ತಲಿನಲ್ಲಿ ನಿಂತು ಬನಶಂಕರಿಯ ನಮ್ಮ ಪುರೋಹಿತರಿಗೆ ಫೋನು ಮಾಡಿದರು. ಇವರ ಕಿವಿ ಮಂದವಾದ್ದರಿಂದ ಫೋನು ಸದಾ ಊರಿಗೆಲ್ಲ ಕೇಳುವಂತೆ ಮಾತನಾಡುತ್ತದೆ.

"ಏನಾದ್ರೂ ವಿನಾಯಿತಿ ಇದ್ಯಾ, ಸ್ವಲ್ಪ ನೋಡಿ ಹೇಳಿ," ಎಂದರು ಇವರು.

"ಸೇತುವೆಯಾದ್ರೆ, ಅಂದ್ರೆ ರಾಮೇಶ್ವರದಲ್ಲಾದ್ರೆ, ಯಾವಾಗ್ಲೂ ಆಗುತ್ತೆ ಸಾರ್."

"ಇದು ಕುಂದಾಪುರ."

"ಹಾಗಾದ್ರೆ ಕಷ್ಟ ಸಾರ್. ಈ ನಿಯಮ ನೀವೇ ಅಲ್ವಾ ನನಗೆ ಹೇಳಿಕೊಟ್ಟಿದ್ದು?"

ಆಮೇಲೆ ಇವರು ನಾನು ಎಂದೂ ಕೇಳದ ಮೆತ್ತನೆಯ ದನಿಯಲ್ಲಿ, "ಅವಳಿಗೆ ಆಪರೇಷನ್ ಇದೆಯಪ್ಪ. ಎಪ್ಪತ್ತೆರಡು ವಯಸ್ಸು. ಮತ್ತೆ ಯಾವಾಗ ಅಂತ ಗೊತ್ತಿಲ್ಲ," ಎಂದರು. ನಾನು ಗೋಡೆಯ ಕಡೆಗೆ ಹೊರಳಿ ಕಣ್ಣು ಮುಚ್ಚಿಕೊಂಡೆ.

ತ್ರಯೋದಶಿಯ ಬೆಳಗಾಯಿತು. ಒಂಬತ್ತಕ್ಕೆ ಕಾರು ಬರುವುದಿತ್ತು. ಯಜಮಾನರು ಮಿಂದು, ಒಗೆದ ಪಂಚೆಯುಟ್ಟು, ನನ್ನ ಮಂಚದ ಬಳಿ ಬಂದು ಕೈ ನೀಡಿದರು.

"ಬಾ."

"ಇವತ್ತು ತ್ರಯೋದಶಿ ಅಲ್ವಾ?"

"ಗೊತ್ತು ಬಾ."

ಕಡಲಿನ ಮೇಲೆ ತೆಳುವಾದ ಮಂಜಿತ್ತು. ಎಲ್ಲಿ ನೀರು ಮುಗಿದು ಎಲ್ಲಿ ಆಕಾಶ ಮೊದಲಾಗುತ್ತದೆಯೆಂದು ಹೇಳುವಂತಿರಲಿಲ್ಲ. ಮರಳು ತಣ್ಣಗಿತ್ತು. ಒಂದೊಂದು ಹೆಜ್ಜೆಗೂ ನನ್ನ ಮಂಡಿಗಳು ಕಟಕಟ ಎಂದು ತಮ್ಮ ಇರವನ್ನು ತಿಳಿಸುತ್ತಿದ್ದವು. ನೀರಿನ ಅಂಚಿನಲ್ಲಿ ಅವರು ನನ್ನನ್ನು ತಡೆದು ನಿಲ್ಲಿಸಿ, ಮೊದಲು ತಾವು ಕಾಲಿಟ್ಟರು.

"ದೋಷ ಇದ್ರೆ ನನಗೆ ಮೊದ್ಲು ತಾಗ್ಲಿ," ಎಂದರು.

ಆಮೇಲೆ ನಾನು ಇಳಿದೆ. ನೀರು ನಾನೆಣಿಸಿದಷ್ಟು ತಣ್ಣಗಿರಲಿಲ್ಲ. ಆಗತಾನೆ ಎದ್ದವರ ಅಂಗೈಯಂತೆ ಬೆಚ್ಚಗಿತ್ತು. ಅಲೆಯೊಂದು ಬಂದು ಪಾದವನ್ನು, ಮೀನಖಂಡವನ್ನು, ಕೊನೆಗೆ ಮಂಡಿಗಳೆರಡನ್ನೂ ತಬ್ಬಿ ಹಿಂದಕ್ಕೆ ಹೋಯಿತು. ನಾನು ನಿಂತಿದ್ದೆ.

ಯಜಮಾನರು ಬೊಗಸೆಯಲ್ಲಿ ನೀರು ತುಂಬಿಕೊಂಡು ಸಂಕಲ್ಪ ಹೇಳತೊಡಗಿದರು. ಯಾವ ದೇಶ, ಯಾವ ಸಂವತ್ಸರ, ಯಾವ ಮಾಸ ಎಂದು ಎಲ್ಲವನ್ನೂ ಕ್ರಮವಾಗಿ ಹೇಳಿ ಕೊನೆಯಲ್ಲಿ ಕೋರಿಕೆಯನ್ನು ಇಡಬೇಕು. ತಿಥಿ ಬಂದಾಗ ದನಿ ಒಂದಿಷ್ಟೂ ತಗ್ಗಿಸದೆ 'ತ್ರಯೋದಶ್ಯಾಂ' ಎಂದರು. ಸಮುದ್ರರಾಜನಿಗೆ ಸುಳ್ಳು ಹೇಳಲಿಲ್ಲ. 'ಮಮ ಧರ್ಮಪತ್ನ್ಯಾಃ' ಎಂದರು. ಅಲ್ಲಿಗೆ ನಿಂತರು.

ಐವತ್ತು ವರ್ಷ ಆ ಬಾಯಲ್ಲಿ ಸಂಸ್ಕೃತ ತಡವರಿಸಿದ್ದನ್ನು ನಾನು ಕೇಳಿಲ್ಲ. ಮುಂದಿನ ಪದ ನನಗೆ ಗೊತ್ತಿತ್ತು. ಹೇಳಿಕೊಡಲಿಲ್ಲ. ಬೊಗಸೆಯ ನೀರು ಬೆರಳ ಸಂದಿಯಿಂದ ತೊಟ್ಟಿಕ್ಕಿ ಬರಿದಾಗುತ್ತ ಬಂತು. ಕೊನೆಗೆ ಅವರು ಕಡಲನ್ನೇ ನೋಡುತ್ತ, ಮನೆಯ ಹಿರಿಯರೊಬ್ಬರನ್ನು ಕೇಳುವಂತೆ, ನಮ್ಮ ಕನ್ನಡದಲ್ಲಿ ಹೇಳಿದರು:

"ಇವಳನ್ನ ಆಸ್ಪತ್ರೆಯಿಂದ ನಡೆಸ್ಕೊಂಡೇ ಮನೆಗೆ ಕಳ್ಸಪ್ಪ."