ಹೆಜ್ಜೆಗೊಂದು ಗಿಡ ಎಣಿಸುವ ಮಾಮ

17 ಜನವರಿ 2014, ಶುಕ್ರವಾರ, ಬೆಳಿಗ್ಗೆ 6.40. ನನ್ನ ಸೋದರಮಾವನಷ್ಟು ನೆಲ ನೋಡಿಕೊಂಡು ನಡೆಯುವವರು ಇಡೀ ದುಬೈಯಲ್ಲಿ ಇಲ್ಲ; ಅವರಷ್ಟು ಎಡವುವವರೂ ಇಲ್ಲ! (ನನ್ನ ಡೈರಿಯ ಪ್ರಕಾರ ಆ ತಿಂಗಳು ಏಳು ಸಲ.)

ಮಾಮನ ಉದ್ಯೋಗವೇ ಅದು. ಒಂಟೆ ಮೇಯುವ ಮರಳುಗಾಡಿನಲ್ಲಿ ನೇರ ಗೆರೆ ಹಿಡಿದು ನೂರು ಹೆಜ್ಜೆ ನಡೆಯುವುದು, ಪ್ರತಿ ಹೆಜ್ಜೆಗೂ ಬೂಟಿನ ತುದಿಗೆ ಸಿಕ್ಕಿದ್ದನ್ನು ಕೂಗುವುದು: ಗಿಡ, ಮರಳು, ಕಲ್ಲು. ಒಂಟೆ ಬಾಯಿ ಹಾಕದಂತೆ ಒಂದು ತುಂಡು ಜಾಗಕ್ಕೆ ಬೇಲಿ ಹಾಕಿರುತ್ತಾರೆ. ಹೊರಗಿನದನ್ನು ಅದಕ್ಕೆ ಹೋಲಿಸಬೇಕು. ಸರಿ, ರಜೆಯಲ್ಲೂ ಎಣಿಸಬೇಕೇ? ಎಲೆಕ್ಟ್ರಿಕ್ ಅಂಗಡಿಗಳ ಬೀದಿಗೆ ಮಿಕ್ಸಿ ಕೊಳ್ಳಲು ಹೋದವರು "ಸಿಮೆಂಟು, ಸಿಮೆಂಟು, ಸಿಗರೇಟು ತುಂಡು" ಎನ್ನುತ್ತಾ ಮಿಕ್ಸಿ ಅಂಗಡಿಯನ್ನೇ ದಾಟಿಹೋದರು! ಊದ್ ಮೇಥಾ ಬಡಾವಣೆಯ ಒಂದು ಹಬ್ಬದೂಟದಲ್ಲಿ ಬಾಳೆಎಲೆ ದಿಟ್ಟಿಸಿ, "ಅನ್ನ ಶೇಕಡಾ ಅರವತ್ತು, ಬರಿ ನೆಲ ಮೂವತ್ತು" ಎಂದರು.

"ಉಣ್ಣಿ ಮಾರಾಯ್ರೇ," ಎಂದರು ಮಾಮಿ. "ಮುಂದಿನ ಪಂಕ್ತಿಯವರು ಬೆನ್ನ ಹಿಂದೆ ನಿಂತಿದ್ದಾರೆ!"

ಆ ಶುಕ್ರವಾರ ಕೂಗುವವರು ಮಾಮ, ಗೀಟು ಹಾಕುವವಳು ನಾನು. ಬೇಲಿಯೊಳಗೆ ನೂರಕ್ಕೆ ಮೂವತ್ತೊಂದು ಗಿಡ. ಹೊರಗೆ ಎಣಿಸುವಾಗ ಒಂಟೆ ಕಾಯುವ ಮುದುಕರೊಬ್ಬರು ಬೆನ್ನಿಗೇ ಬಂದರು. ನಾವು ಅವರನ್ನು ಚಾಚಾ ಎಂದೆವು. ಹೊರಗಿನ ಲೆಕ್ಕ ಒಳಗಿನ ಅರ್ಧಕ್ಕಿಂತ ಇಳಿದರೆ ಅಲ್ಲಿ ಮೇಯಿಸುವುದು ಬಂದ್; ಮಾಲೀಕರು ಒಂಟೆ ಮಾರುತ್ತಾರೆ, ಚಾಚಾನ ಕೆಲಸ ಹೋಗುತ್ತದೆ.

"ಸ್ವಲ್ಪ ಎಡಕ್ಕೆ ನಡೆಯಿರಿ ಸಾಹೇಬ್, ಅಲ್ಲಿ ಗಿಡ ಜಾಸ್ತಿ," ಎಂದರು ಚಾಚಾ, ಹಿಂದಿಯಲ್ಲಿ.

"ಗೆರೆ ಅಂದರೆ ಗೆರೆ, ಚಾಚಾ."

"ನಿಮ್ಮ ಗೆರೆಯನ್ನು ನನ್ನ ಒಂಟೆ ತಿನ್ನುತ್ತದಾ?"

ಕೊನೆಗೆ ಸಿಕ್ಕಿದ್ದು ಹನ್ನೆರಡು. ಬೇಕಿದ್ದದ್ದು ಹದಿನಾರು! ಮಾಮ "ಒಣಕಡ್ಡಿ" ಎಂದು ಕೂಗಿ ಬಿಟ್ಟಿದ್ದ ಪೊದೆಯೊಂದರ ಬಳಿ ಚಾಚಾ ಕುಕ್ಕರಗಾಲಲ್ಲಿ ಕೂತು ಉಗುರಿನಿಂದ ತೊಗಟೆ ಗೀರಿದರು. ಒಳಗೆ ಹಸಿರು!

ಮಾಮ ಕನ್ನಡಕ ತೆಗೆದು ನೋಡಿದರು, ಹಾಕಿ ನೋಡಿದರು. "ಈ ಲೆಕ್ಕ ಖಲಾಸ್. ಪೂರ್ತಿ ಹೊಸತಾಗಿ ಎಣಿಸುವಾ. ಬೇಲಿಯ ಒಳಗೂ."

"ಒಳಗೆ ಎಂತಕ್ಕೆ ಮಾಮ? ಅಲ್ಲಿ ಹೆಚ್ಚಾದರೆ ಇವರಿಗೇ ನಷ್ಟ ಅಲ್ವಾ!"

"ಅಲ್ಲಿಯ ಕಡ್ಡಿಗೂ ಜೀವ ಇರಬಹುದಲ್ಲ, ಮಾರಾಯ್ತಿ."

ಮೂರು ಗಂಟೆ ಚಾಚಾ ಗೀರಿದರು, ಮಾಮ ಕೂಗಿದರು. ಒಳಗೆ ಮೂವತ್ತೇಳು, ಹೊರಗೆ ಹತ್ತೊಂಬತ್ತು. ಅರ್ಧಕ್ಕಿಂತ ಅರ್ಧ ಗಿಡ ಜಾಸ್ತಿ! ವರದಿಯಲ್ಲಿ 'ಗಿಡ ಗುರುತಿಸಿದವರು' ಎಂಬಲ್ಲಿ ಯಾವಾಗಲೂ ತಮ್ಮ ಹೆಸರನ್ನೇ ದಪ್ಪಗೆ ಬರೆಯುವ ಮಾಮ ಅಂದು ಚಾಚಾನ ಹೆಸರು ಬರೆದರು. ಚಾಚಾ ಅದನ್ನು ಎರಡು ಸಲ ಓದಿಸಿ ಕೇಳಿದರು.

ಮರುವರ್ಷ ಹೋದಾಗ ಗಿಡಗಳಿದ್ದವು, ಒಂಟೆಗಳಿದ್ದವು, ಕಾಯುವವರು ಬೇರೆ. ಚಾಚಾ ಎಲ್ಲಿಗೆ ಹೋದರೆಂದು ಆ ಹೊಸಬರಿಗೆ ತಿಳಿಯದು. ಆ ದಿನ ನಾಲ್ಕು ಕಡ್ಡಿಗಳನ್ನು ಮಾಮ ಎಷ್ಟು ಗೀರಿದರೂ ಹಸಿರೋ ಒಣಗಿದ್ದೋ ಹೇಳಲಾಗಲಿಲ್ಲ. "ಏನೂ ಬರೀಬೇಡ," ಎಂದರು ಮೆಲ್ಲಗೆ, "ಚಾಚಾ ಬಂದು ಹೇಳಲಿ."

ಚಾಚಾ ಎಲ್ಲಿದ್ದಾರೆಂದು ಬಲ್ಲವರು ದಯವಿಟ್ಟು ನನಗೆ ಬರೆಯಿರಿ. ಲೆಕ್ಕದ ಪುಸ್ತಕದಲ್ಲಿ ಆ ಕಡ್ಡಿಗಳ ನಾಲ್ಕು ಸಾಲು ಖಾಲಿ ಬಿಟ್ಟಿದ್ದೇನೆ.