ಹಾರ್ಮೋನಿಯಂ ಮುಯ್ಯಿ

ನಮ್ಮ ಬಯಲಾಟ ಸಂಘವನ್ನು ಮುಳುಗಿಸಿದ್ದು ನನ್ನ ಬಾಯಿ. ಬೇರೆ ಕಾರಣ ಹುಡುಕುವವರು ಹುಡುಕಲಿ.

ಸಂಘದ ದುಡ್ಡು ನನ್ನ ಎಲೆಅಡಿಕೆ ಚೀಲದಲ್ಲಿರುತ್ತದೆ. ಗಂಡಸರ ಕೈಗೆ ಕೊಟ್ಟರೆ ಮಂಡಕ್ಕಿ ಮಿರ್ಚಿಯಾಗಿ ಹೋಗುತ್ತದೆಂದು ಊರೇ ಸೇರಿ ನನ್ನನ್ನು ಖಜಾಂಚಿ ಮಾಡಿತ್ತು. ಓದು ಬರಹ ಅಷ್ಟಕ್ಕಷ್ಟೇ. ಚೀಲದ ದಾರ ಬಿಗಿಯಲು ಓದೇಕೆ?

ಈ ಸಲ ಹಾರ್ಮೋನಿಯಂ ತಿದಿ ಹರಿಯಿತು. ಚಳ್ಳಕೆರೆಯ ರಿಪೇರಿಯವನು ದುಡ್ಡು ಕೊಡದೆ ಪೆಟ್ಟಿಗೆ ಬಿಡುವುದಿಲ್ಲವೆಂದ. ಚೀಲದಲ್ಲಿದ್ದದ್ದು ಅಡಿಕೆ ಮಾತ್ರ.

ಬಾಡಿಗೆ ಪೆಟ್ಟಿಗೆ ತಂದು ಆಟ ಕಟ್ಟಿಸಿ, ನಾನೇ ಮೈಕು ಹಿಡಿದೆ. ಮದುವೆಯಲ್ಲಿ ಹಾಕುವಂತೆ ಸಂಘಕ್ಕೂ ಮುಯ್ಯಿ ಹಾಕಿರಿ, ನಿಮ್ಮ ಮನೆ ಕಾರ್ಯಕ್ಕೆ ಸಂಘವೇ ಬಂದು ತೀರಿಸುತ್ತದೆ ಎಂದೆ. ಜನ ನುಗ್ಗಿದರು! ನಮ್ಮ ಪೆಟ್ಟಿಗೆ ಮನೆಗೆ ಬಂತು, ಜೊತೆಗೆ ಹೊಸ ಪರದೆಯೂ ಬಂತು. ನಾನು ಎದೆಯುಬ್ಬಿಸಿಕೊಂಡು ಓಡಾಡಿದೆ.

ಆಮೇಲೆ ಮದುವೆ ಕಾಲ ಬಂತು. ಸಂಘದ ಹೆಸರಿಗೆ ಲಗ್ನಪತ್ರಿಕೆಗಳು ಬರತೊಡಗಿದವು. ಹಾಕಿದ್ದಕ್ಕಿಂತ ಒಂದಿಷ್ಟು ಹೆಚ್ಚೇ ಸೇರಿಸಿ ಮುಯ್ಯಿ ತೀರಿಸುವುದು ನಮ್ಮ ಕಡೆಯ ಪದ್ಧತಿ. ಊರೆಲ್ಲರ ಹತ್ತಿರ ಬಡ್ಡಿಗೆ ಸಾಲ ಎತ್ತಿದ್ದೇನೆಂದು ಆಗ ತಿಳಿಯಿತು. ಬಾಗಿಲು ಸದ್ದಾದರೆ ಹಿತ್ತಲಿಗೆ ಓಡುತ್ತಿದ್ದೆ.

"ಪೆಟ್ಗೆ ಮಾರಿ ತೀರ್ಸು," ಎಂದರು ನಮ್ಮ ಯಜಮಾನರು.

"ಪೆಟ್ಗೆ ಮಾರಿದ್ರೆ ಸಂಘ ಎಲ್ಲೈತೆ? ನೀವು ಬಾಯಾಗೆ ಊದ್ತೀರಾ?"

ಪೆಟ್ಟಿಗೆ ನುಡಿಸುವ ತಿಪ್ಪೇಸ್ವಾಮಿ ಮೇಷ್ಟ್ರು, ನಲವತ್ತು ದಾಟಿದರೂ ಲಗ್ನವಾಗದವರು, ದಾರಿ ತೋರಿಸಿದರು. "ದುಡ್ಡಿನ ಬದ್ಲು ಆಟನೇ ಮುಯ್ಯಿ ಹಾಕಾನ ಬಿಡವ್ವ."

ಮೊದಲ ಮದುವೆ ಮೊಳಕಾಲ್ಮೂರಿನ ಛತ್ರದಲ್ಲಿ. ವೇಷ ಕಟ್ಟಿಕೊಂಡೇ ಹೋದೆವು. ನಮ್ಮ ರಾಕ್ಷಸ ಕೇಕೆ ಹಾಕಿದ ಹೊಡೆತಕ್ಕೆ ಮದುಮಗ ಬೆಚ್ಚಿ, ಬಾಸಿಂಗ ಕಳಚಿ ಬಿತ್ತು. ಮಾನ ಹೋಯಿತು ಅಂದುಕೊಂಡೆ. ಹೋಗಿದ್ದರೇ ಚೆನ್ನಾಗಿತ್ತು. ಬೀಗರಿಗೆ ಆಟ ಬಹಳ ಹಿಡಿಸಿಬಿಟ್ಟಿತು. ಆಂಧ್ರದ ಕಡೆಯ ನೆಂಟರೂ ಸಾಲು ನಿಂತು ನನ್ನ ಸೆರಗಿಗೆ ಮುಯ್ಯಿ ಹಾಕಿ, ಹೆಸರು ಕೂಗಿಸಿದರು.

"ಮಾ ಇಂಟ್ಲೋ ಪೆಂಡ್ಲಿಕಿ ಮೀರು ರಾವಾಲ," ಎಂದು ಒಬ್ಬಾಕೆ ಕೈ ಹಿಡಿದು ತನ್ನ ಮನೆಯ ಮದುವೆಗೂ ಕರೆದಳು.

ತೀರಿಸಲು ಹೋದವರು ಆಂಧ್ರದವರೆಗೂ ಸಾಲ ಮಾಡಿಕೊಂಡು ಬಂದೆವು.

"ಇನ್ನು ಸಂಘಕ್ಕೇ ಒಂದು ಮದುವೆ ಮಾಡು, ಎಲ್ಲಾ ವಾಪಸ್ ಬರ್ತೈತೆ," ಎಂದು ಯಜಮಾನರು ದಾರಿಯಲ್ಲಿ ಚುಚ್ಚಿದರು. ನನಗೆ ಅದು ಒಳ್ಳೆಯ ಸಲಹೆಯಾಗಿ ಕೇಳಿಸಿತು.

ಮರುದಿನ ಬೆಳಿಗ್ಗೆ ಎದ್ದವಳೇ ಮೇಷ್ಟ್ರಿಗೆ ಹೆಣ್ಣು ಕೇಳಲು ಹೊರಟೆ. ಮೊದಲ ಮನೆಯಲ್ಲೇ ಹುಡುಗಿಯ ತಾಯಿ, "ಹುಡ್ಗಂಗೆ ಏನ್ ಆದಾಯ ಐತವ್ವಾ?" ಎಂದಳು.

"ಬಯಲಾಟ ಸಂಘ ಐತೆ."

"ಸಂಘ ಹೆಂಗೈತೆ?"

ನಾನು ಚೀಲ ಬಿಚ್ಚಿ, ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡೆ.