ನೆಟ್ಟಗಿದ್ದ ಫೋನು

ನೆಟ್ಟಗಿರುವ ವಸ್ತುವನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಮಸ್ಕಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನಾನು ಮನೆಯಲ್ಲಿ ಮೆಕ್ಯಾನಿಕ್. ಒಂದು ಗಡಿಯಾರ, ಎರಡು ಫ್ಯಾನು, ಹೆಂಡತಿ ಗಿರಿಜಾಳ ಮಿಕ್ಸಿ ಈಗಾಗಲೇ ನನ್ನ ಸ್ಕ್ರೂಡ್ರೈವರಿಗೆ ಬಲಿಯಾಗಿವೆ. ಮಿಕ್ಸಿ ಜೋಡಿಸಿದ ಮೇಲೆ ಮೂರು ಸ್ಕ್ರೂ ಉಳಿದಿದ್ದವು. ಕಂಪನಿಯವರು ಹೆಚ್ಚಿಗೆ ಕೊಟ್ಟಿದ್ದಾರೆ ಎಂದು ಸಮಜಾಯಿಷಿ ಹೇಳಿದೆ. ಸುದ್ದಿ ಸಂತೆಕಲ್ಲೂರಿನ ಅತ್ತೆಯವರಿಗೆ ಮುಟ್ಟಿತು. ಗಿರಿಜಾಳ ಫೋನಿಗೆ ಅವರ ವಾಯ್ಸ್ ಮೆಸೇಜ್ ಬಂತು: "ಅಳಿಯಾರಿಗೆ ಹೇಳವ್ವಾ, ನೆಟ್ಟಗಿದ್ದದ್ದನ್ನ ಬಿಚ್ಚಬ್ಯಾಡ್ರಿ ಅಂತ. ಸಾಲಿ ಹುಡುಗರ ತಲಿನಾದ್ರೂ ಬಿಟ್ಟಾರೋ ಇಲ್ಲೋ!" ಕೊನೆಗೊಂದು ನಗು, ಅದರ ಬೆನ್ನಿಗೇ ಕೆಮ್ಮು.

ಹೋದ ಶ್ರಾವಣದಲ್ಲಿ ಅತ್ತೆ ತೀರಿಕೊಂಡರು. ಅವರ ದನಿ ಎಂದು ಉಳಿದದ್ದು ಅದೊಂದೇ. ಗಿರಿಜಾ ರೊಟ್ಟಿ ಬಡಿಯುವಾಗ ದಿನಾ ಅದನ್ನು ಹಚ್ಚಿ ಅವ್ವನ ಜೊತೆಗೇ ನಗುತ್ತಿದ್ದಳು. ಬೈಸಿಕೊಂಡವನು ನಾನಾದರೂ, ಅದನ್ನು ಕೇಳದೆ ನನಗೂ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಆ ಫೋನು ಬರಬರುತ್ತಾ ನಿಧಾನವಾಯಿತು. ಕಂಪನಿಯವರೇ ತುಂಬಿ ಕಳಿಸಿದ ಆಟಗಳು ಏನು ಮಾಡಿದರೂ ಅಳಿಯವು. ಸಿಂಧನೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಗೆಳೆಯ ಖಾದರ್‌ನನ್ನು ಕೇಳಿದೆ. "ಸರ, ಅವು ಸಿಸ್ಟಮ್ಮಿನ ಒಳಗ ಅದಾವ್ರಿ. ಯಾರೂ ತಿದ್ದಬಾರ್ದಂತ ಬೀಗ ಹಾಕ್ಯಾರ. ಖಾಲಿಪೀಲಿ ಕೈ ಹಾಕಬ್ಯಾಡ್ರಿ" ಎಂದ. ನಾವು ಕೊಂಡ ಫೋನಿಗೆ ಅವರ್ಯಾರೋ ಬೀಗ ಹಾಕುವುದೆಂದರೇನು! ಭಾನುವಾರ ಗಿರಿಜಾ ಫೋನನ್ನು ಚಾರ್ಜಿಗೆ ಬಿಟ್ಟು ಲಿಂಗಸುಗೂರಿನ ಮದುವೆಗೆ ಹೋದಳು. ನಾನು ಅದನ್ನು ಕಂಪ್ಯೂಟರಿಗೆ ಜೋಡಿಸಿ, ವಿಡಿಯೊ ನೋಡುತ್ತಾ ಬೀಗ ತೆಗೆಯತೊಡಗಿದೆ. ನಡುವೆ ಉದ್ದನೆಯ ಎಚ್ಚರಿಕೆಯೊಂದು ಬಂತು. ಪ್ರಶ್ನೆ ಓದದೆ ಉತ್ತರ ಬರೆಯಬೇಡಿ ಎಂದು ಮಕ್ಕಳಿಗೆ ದಿನಾ ಹೇಳುವ ನಾನು, ಓದದೆಯೇ ಒಪ್ಪಿಗೆ ಒತ್ತಿದೆ.

ಫೋನು ಹೊಸದರಂತೆ ಎದ್ದು ಕೂತಿತು. ಒಳಗೆ ಏನೂ ಇರಲಿಲ್ಲ. ಸಿಂಧನೂರಿಗೆ ಓಡಿದೆ.

"ಬೀಗ ತೆಗೆದ್ರ ಕಳ್ಳ ಬಂದಾನಂತ ತಿಳಕೊಂಡು ಅದು ಎಲ್ಲಾ ಅಳಿಸಿಬಿಡ್ತದ್ರಿ" ಎಂದ ಖಾದರ್. "ಬ್ಯಾರೆ ಕಡೆ ಉಳಿಸಿಟ್ಟಿದ್ರೇನು?"

ಇಟ್ಟಿರಲಿಲ್ಲ. ಅತ್ತೆಯವರ ದನಿಯನ್ನು ಕಾಯುತ್ತಿದ್ದ ಬೀಗಕ್ಕೆ ನಾನೇ ಕಳ್ಳನಾಗಿದ್ದೆ.

ಗಿರಿಜಾ ಬೈಯಲಿಲ್ಲ. "ಹೋತೇನ್ರೀ?" ಎಂದಳು, ಅಷ್ಟೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಈಗ ಬೆಳಿಗ್ಗೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಮಾತ್ರ. ಮೊನ್ನೆ ತಡೆಯಲಾರದೆ ನಾನೇ ಬಾಗಿಲಲ್ಲಿ ನಿಂತು, ಅತ್ತೆಯವರ ಧಾಟಿಯಲ್ಲಿ ಆ ಮಾತನ್ನೆಲ್ಲ ಹೇಳಿ, ಕೊನೆಗೆ ಕೆಮ್ಮಿಯೂ ಕೆಮ್ಮಿದೆ.

ಗಿರಿಜಾ ಹಂಚಿನಿಂದ ಕಣ್ಣೆತ್ತಲಿಲ್ಲ. "ಕೆಮ್ಮೂಕಿಂತ ಮೊದ್ಲ ನಗೂದು ಬಿಟ್ರಿ" ಎಂದಳು.

ಜೋಡಿಸುವಾಗ ಏನಾದರೊಂದನ್ನು ಬಿಡುವುದು ನನ್ನ ಹಳೆಯ ಚಾಳಿ.